ಎಂಪಿಐ ಗೆಟ್ ಹಾಕಿದರೆ ಪ್ರತಿ ಸಲ ಬೇರೆ ಉತ್ತರ, ಯಾರಾದರೂ ನೋಡಿ

ರಾಯಚೂರು ಹುಡುಗ: ಮೂರು ದಿನದಿಂದ ತಲೆ ಕೆಟ್ಟು ಹೋಗಿದೆ. ತಗಡಿನಲ್ಲಿ ಶಾಖ ಹರಡುವ ಲೆಕ್ಕ, 4096 × 4096 ಗ್ರಿಡ್, ಎಲ್ಲಾ ಡಬಲ್ (ಒಂದು ಸಂಖ್ಯೆಗೆ 8 ಬೈಟ್). ಎಂಪಿಐ (ಒಂದೇ ಲೆಕ್ಕವನ್ನು ಹಲವು ಪ್ರೋಸೆಸ್‌ಗಳಿಗೆ ಹಂಚಿ, ಅವುಗಳ ನಡುವೆ ಮಾಹಿತಿ ಸಾಗಿಸುವ ವ್ಯವಸ್ಥೆ) ಬಳಸಿ ಗ್ರಿಡ್ಡನ್ನು ರ‍್ಯಾಂಕ್‌ಗಳಿಗೆ, ಅಂದರೆ ಜೊತೆಗೇ ಓಡುವ ಪ್ರೋಸೆಸ್‌ಗಳಿಗೆ, ಹಂಚಿದ್ದೇನೆ. ಪಕ್ಕದ ರ‍್ಯಾಂಕಿನ ಅಂಚಿನ ಸಾಲನ್ನು ಗೆಟ್ ಹಾಕಿ ನೇರ ಅದರ ಮೆಮೊರಿಯಿಂದಲೇ ತರುತ್ತೇನೆ. ಎರರ್ ಏನೂ ಬರಲ್ಲ, ಉತ್ತರ ಮಾತ್ರ ಪ್ರತಿ ಸಲ ಬೇರೆ. ಕೋಡ್ ಸರಿ ಇದೆ, ಹತ್ತು ಸಲ ನೋಡಿದ್ದೇನೆ. ಶುಕ್ರವಾರ ಗೈಡ್‌ಗೆ ತೋರಿಸಬೇಕು.

ಗಂಗಾವತಿ ಕ್ಲಸ್ಟರ್: ಒಂದೇ ಮಷಿನ್ನೋ ಎರಡೋ?

ರಾಯಚೂರು ಹುಡುಗ: ಎರಡು ಅಣ್ಣ. ಒಂದರಲ್ಲೇ ಓಡಿಸಿದರೆ ಸರಿ ಬರುತ್ತದೆ.

ಗಂಗಾವತಿ ಕ್ಲಸ್ಟರ್: ಹಾಗಾದರೆ ಕೇಬಲ್ಲೇ. ಸ್ವಿಚ್ ಪೋರ್ಟ್ ಬದಲಿಸಿ ನೋಡು. ನನಗೂ ಹೀಗೇ ಆಗಿತ್ತು. ಈಗ ಮನೆಯಲ್ಲಿ 6 ಹಳೆ ಡೆಸ್ಕ್‌ಟಾಪ್, ಸೆಕೆಂಡ್ ಹ್ಯಾಂಡ್ 10 ಗಿಗಾಬಿಟ್ ಕಾರ್ಡ್, ಗಿರಣಿ ಧೂಳು ಬರಬಾರದೆಂದು ಕಿಟಕಿಗೆ ಜಾಳಿಗೆ, ಕರೆಂಟ್ ಹೋದರೂ 40 ನಿಮಿಷ ಯುಪಿಎಸ್ ಎಳೆಯುತ್ತದೆ.

ರಾಯಚೂರು ಹುಡುಗ: ಕೇಬಲ್ ಬದಲಿಸಿದೆ. ಪೋರ್ಟ್ ಬದಲಿಸಿದೆ. ಅದೇ ಕಥೆ.

ಗಂಗಾವತಿ ಕ್ಲಸ್ಟರ್: ಹಾಗಾದರೆ ಸ್ವಿಚ್ಚೇ ಹೋಗಿದೆ. ಇಲ್ಲಾಂದ್ರೆ ಆರ್‌ಡಿಎಂಎ ಕಾರ್ಡ್ (ಬೇರೆ ಮಷಿನ್ನಿನ ಮೆಮೊರಿಯನ್ನು ನೇರ ಮುಟ್ಟುವ ನೆಟ್‌ವರ್ಕ್ ಕಾರ್ಡ್) ಬೇಕು, ಅದಿಲ್ಲದೆ ಈ ಗೆಟ್, ಪುಟ್ (ಅಲ್ಲಿಗೆ ಬರೆಯುವುದು) ನಡೆಯಲ್ಲ.

ಕೋಟೆ ಕೆಳಗಿನವ, ಬಳ್ಳಾರಿ: ತಪ್ಪು ಹೇಳಬೇಡಿ ಸರ್, ಹುಡುಗ ಸುಮ್ನೆ ದುಡ್ಡು ಹಾಕಿಬಿಡುತ್ತಾನೆ. ಕಾರ್ಡ್ ಇದ್ದರೆ ವೇಗ ಜಾಸ್ತಿ, ಅಷ್ಟೇ. ಸಾದಾ ಟಿಸಿಪಿ (ಮಾಮೂಲಿ ನೆಟ್‌ವರ್ಕ್ ಸಂಪರ್ಕದ ವಿಧಾನ) ಮೇಲೂ ನಡೆಯುತ್ತದೆ. ಕೇಬಲ್ ಕೆಟ್ಟಿದ್ದರೆ ಟಿಸಿಪಿ ಮತ್ತೆ ಮತ್ತೆ ಕಳಿಸುತ್ತದೆ, ನಿಧಾನ ಆಗುತ್ತದೆ ಇಲ್ಲವೇ ಕಡಿದುಹೋಗುತ್ತದೆ. ಹೀಗೆ ದಿನಕ್ಕೊಂದು ಉತ್ತರ ಕೊಡಲ್ಲ. ತಮ್ಮಾ, ಗೆಟ್ ಆದಮೇಲೆ ಏನು ಬರೆದಿದ್ದೀಯ?

ರಾಯಚೂರು ಹುಡುಗ: ಬ್ಯಾರಿಯರ್ ಇದೆ ಸರ್. ಶುರುವಿನಲ್ಲಿ ಲಾಕ್ ಆಲ್ (ಎಲ್ಲರ ಮೆಮೊರಿ ಮುಟ್ಟಲು ದಾರಿ ತೆರೆಯುವುದು), ಪ್ರೋಗ್ರಾಂ ಕೊನೆಯಲ್ಲಿ ಅನ್‌ಲಾಕ್ ಆಲ್ (ಅದನ್ನು ಮುಚ್ಚುವುದು).

ಕೋಟೆ ಕೆಳಗಿನವ, ಬಳ್ಳಾರಿ: ಅಲ್ಲೇ ಇದೆ ನೋಡು. ಗೆಟ್ ಕಾಯುವುದಿಲ್ಲ, ತರಲು ಹೇಳಿ ತಕ್ಷಣ ವಾಪಸ್ ಬರುತ್ತದೆ. ಬ್ಯಾರಿಯರ್ ಎಲ್ಲಾ ರ‍್ಯಾಂಕ್‌ಗಳನ್ನು ಒಂದು ಕಡೆ ನಿಲ್ಲಿಸುತ್ತದೆ, ಗೆಟ್ ಮುಗಿಯಿತಾ ಅಂತ ನೋಡುವುದಿಲ್ಲ. ನಿನ್ನ ಒಂದು ಸಾಲು 32 ಕೆಬಿ, ಗಿಗಾಬಿಟ್ ತಂತಿಯಲ್ಲಿ ಕಾಲು ಮಿಲಿಸೆಕೆಂಡಿಗೂ ಸ್ವಲ್ಪ ಜಾಸ್ತಿ ಬೇಕು. ಅದು ಬರುವ ಮೊದಲೇ ನೀನು ಹಿಂದಿನ ಸುತ್ತಿನ ಹಳೆ ಸಾಲು ಹಿಡಿದು ಲೆಕ್ಕ ಶುರು ಮಾಡಿದ್ದೀಯ. ಒಂದೇ ಮಷಿನ್ನಿನಲ್ಲಿ ಸಾಮಾನ್ಯವಾಗಿ ಆಗಿಂದಾಗಲೇ ಕಾಪಿ ಆಗಿಬಿಡುತ್ತದೆ, ಅದಕ್ಕೇ ಅಲ್ಲಿ ತಪ್ಪು ಕಾಣಲಿಲ್ಲ. ಗೆಟ್ ಮುಗಿಯಬೇಕಾದರೆ ಫ್ಲಶ್ (ಬಾಕಿ ಇರುವುದನ್ನು ಮುಗಿಸು ಅನ್ನುವುದು), ಅನ್‌ಲಾಕ್, ಫೆನ್ಸ್ (ಎಲ್ಲರೂ ಸೇರಿ ಬಾಕಿ ಮುಗಿಸಿ ಮುಂದೆ ಹೋಗುವುದು), ಇಂಥದ್ದೊಂದು ಬೇಕೇ ಬೇಕು.

ಗಂಗಾವತಿ ಕ್ಲಸ್ಟರ್: ಹಳೆ ಲೈಬ್ರರಿಯಲ್ಲಿ ಫ್ಲಶ್ ಇರುವುದೇ ಇಲ್ಲ ಸರ್.

ಕೋಟೆ ಕೆಳಗಿನವ, ಬಳ್ಳಾರಿ: ಅವನ ಲಾಕ್ ಆಲ್ ಕಂಪೈಲ್ ಆಗುತ್ತಿದೆ ಅಲ್ವಾ? ಅದು, ಫ್ಲಶ್ ಎರಡೂ 2012ರ ಎಂಪಿಐ-3ರಲ್ಲೇ ಬಂದವು. ಫೆನ್ಸ್ ಅದಕ್ಕಿಂತ ಹಳೆಯದು, 1997ರ ಎಂಪಿಐ-2ರದ್ದು. ತಮ್ಮಾ, ನಿನ್ನ ಲೆಕ್ಕದಲ್ಲಿ ಎಲ್ಲರೂ ಜೊತೆಗೇ ಹೆಜ್ಜೆ ಹಾಕುತ್ತಾರೆ, ಫೆನ್ಸೇ ಸುಲಭ. ಲಾಕ್ ಆಲ್ ಪೂರ್ತಿ ತೆಗೆ, ಎರಡನ್ನೂ ಬೆರೆಸಬೇಡ. ಪ್ರತಿ ಸುತ್ತಿನಲ್ಲಿ ಫೆನ್ಸ್, ಗೆಟ್, ಮತ್ತೆ ಫೆನ್ಸ್, ಆಮೇಲೆ ಲೆಕ್ಕ.

ರಾಯಚೂರು ಹುಡುಗ: ಬಂತು ಸರ್!! ಹತ್ತು ಸಲ ಓಡಿಸಿದೆ, ಹತ್ತೂ ಸಲ ಒಂದೇ ಉತ್ತರ, ಒಂದೇ ಮಷಿನ್ನಿನದಕ್ಕೂ ತಾಳೆ ಆಯಿತು. ತುಂಬಾ ಥ್ಯಾಂಕ್ಸ್. ಆದರೆ ಈಗ ನಿಧಾನ ಆಗಿದೆ.

ಗಂಗಾವತಿ ಕ್ಲಸ್ಟರ್: ಅದಕ್ಕೇ ನನ್ನ ಹಾಗೆ 10 ಗಿಗಾಬಿಟ್ ಕಾರ್ಡ್ ಹಾಕು.

ಕೋಟೆ ಕೆಳಗಿನವ, ಬಳ್ಳಾರಿ: ಮೊದಲು ಎಷ್ಟು ರ‍್ಯಾಂಕ್ ಓಡಿಸುತ್ತಿದ್ದೀಯ ಹೇಳು. ಫೆನ್ಸ್ ಎಲ್ಲರನ್ನೂ ಕಾಯಿಸುತ್ತದೆ. ನಿನಗೆ ಮೇಲಿನವನು, ಕೆಳಗಿನವನು ಇಬ್ಬರೇ ಸಾಕು, ಅದಕ್ಕೆ ಪೋಸ್ಟ್, ಸ್ಟಾರ್ಟ್, ಕಂಪ್ಲೀಟ್, ವೇಟ್ ಅಂತ ಬೇರೆ ದಾರಿ ಇದೆ. ಶುಕ್ರವಾರ ತೋರಿಸಿ ಬಾ, ಆಮೇಲೆ ನೋಡೋಣ.