ಪದಚರ್ಚೆ: ವಿದೇಶಿ ಅತಿಥಿ ಕೊಡುವುದು ಮುಯ್ಯಿಯೇ, ಉಡುಗೊರೆಯೇ?

ಪ್ರಶ್ನೆ (ಪಾಂಡವಪುರ)

ಮಾನ್ಯರೇ,

ನಮ್ಮ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬರುವ ಭಾನುವಾರ ಮದುವೆಯಿದೆ. ಪಕ್ಕದ ತೋಟದ ಮನೆಯಲ್ಲಿ ತಂಗಿರುವ ಫ್ರಾನ್ಸಿನ ಪ್ರವಾಸಿ ದಂಪತಿಯನ್ನೂ ಹೆಣ್ಣಿನ ಮನೆಯವರು ಕರೆದಿದ್ದಾರೆ. ಅವರಿಗೆ ಕೊಡಲು ತಿಳಿವಳಿಕೆಯ ಹಾಳೆಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿದ್ದೇನೆ. ಅದನ್ನು ಫ್ರೆಂಚಿಗೆ ಅನುವಾದಿಸುವವರು ಮೈಸೂರಿನಲ್ಲಿದ್ದು, ನಾಳೆ ಬೆಳಿಗ್ಗೆಯೊಳಗೆ ಕಳುಹಿಸಬೇಕೆಂದು ಹೇಳಿದ್ದಾರೆ. ಚಪ್ಪರ, ಹಸೆಮಣೆ, ಬಾಸಿಂಗ, ಅಂತರಪಟ, ಧಾರೆ, ಬೀಗರ ಊಟ ಇವುಗಳಿಗೆಲ್ಲ ಎರಡೆರಡು ಸಾಲಿನ ವಿವರಣೆ ಸಾಕಾಯಿತು. ತೊಡಕಾಗಿರುವುದು ಮದುವೆಗೆ ಬಂದವರು ಹೆಸರು ಬರೆಸಿ ಕೊಡುವ ಹಣ, ಅಂದರೆ ಮುಯ್ಯಿ ಒಂದೇ. ಪುಸ್ತಕ ಹಿಡಿದು ಹಣ ಬರೆದುಕೊಳ್ಳುವವರ ಮೇಜಿನ ಮುಂದೆ ಇಡುವ ಫಲಕಕ್ಕೂ ಪದ ಬೇಕಾಗಿದೆ. 'ಉಡುಗೊರೆ' ಎಂದು ಬರೆದರೆ ಅನುವಾದಕರಿಗೆ ಸುಲಭ. ಆದರೆ ಈ ಹಾಳೆಯನ್ನು ಓದಿಸಿ ಕೇಳಿದ ಹೆಣ್ಣಿನ ತಾಯಿ, "ಅವ್ರ ಮುಯ್ಯ ನಾವು ಎಲ್ಲಿಗೋಗಿ ತೀರ್ಸೋದು? ಅವ್ರ ಹೆಸರ ಬರಿಬ್ಯಾಡಿ" ಎಂದರು. ಹಾಗಾದರೆ ಆ ದಂಪತಿ ಕೊಡುವ ಹಣವನ್ನು ಏನೆಂದು ಕರೆಯಬೇಕು? ಫಲಕದ ಮೇಲೆ ಯಾವ ಪದವಿರಬೇಕು? ದಯವಿಟ್ಟು ಇಂದೇ ತಿಳಿಸಿರಿ.

ಉತ್ತರ (ಮೈಸೂರು)

ಮುಯ್ಯಿ ಎಂದೇ ಬರೆಯಿರಿ. ಅಚ್ಚಗನ್ನಡದ ಪದ ಬಾಯಲ್ಲಿರುವಾಗ ಬೇರೆಯದನ್ನು ಹುಡುಕುವ ಅಗತ್ಯವೇ ಇಲ್ಲ. ತಮಿಳಿನಲ್ಲಿ ಮದುವೆಯ ಹಣಕ್ಕೆ 'ಮೊಯ್' ಎನ್ನುತ್ತಾರೆ. ಅದೇ ರೂಪದ ಕ್ರಿಯಾಪದಕ್ಕೆ ಗುಂಪುಗೂಡು, ಮುತ್ತು ಎಂಬ ಅರ್ಥವಿದೆ. ಆದ್ದರಿಂದ ಮುಯ್ಯಿ ಎಂದರೆ ನೆರೆದವರೆಲ್ಲ ಸೇರಿ ಕೂಡಿಸಿದ್ದು ಎಂದು ನನ್ನ ಖಚಿತ ಅಭಿಪ್ರಾಯ. ಚಪ್ಪರದ ಕೆಳಗೆ ನೆರೆದವರಲ್ಲಿ ಫ್ರಾನ್ಸಿನವರು ಬೇರೆ, ಫ್ರೆಂಚ್‌ರಾಕ್ಸ್ ಎಂದೇ ಒಂದು ಕಾಲಕ್ಕೆ ಹೆಸರಾಗಿದ್ದ ಪಾಂಡವಪುರದವರು ಬೇರೆ ಎಂಬ ಭೇದ ಆ ಪದದಲ್ಲಿಲ್ಲ. 'ಗಿಫ್ಟ್' ಎಂಬುದನ್ನು ಮಾತ್ರ ಯಾವ ಕಾರಣಕ್ಕೂ ಫಲಕಕ್ಕೆ ಹತ್ತಿಸಬೇಡಿ.

ಉತ್ತರ (ನಾಗಮಂಗಲ)

ಮೈಸೂರಿನವರು ಧಾತುವಿನಿಂದ ಹೊರಟು ಮದುವೆಮನೆಗೆ ಬಂದಿದ್ದಾರೆ. ದಾರಿ ತಿರುಗುಮುರುಗಾಗಿದೆ. ತಮಿಳಿನ ಮೊಯ್ ನಮ್ಮ ಮುಯ್ಯಿಯ ಒಡಹುಟ್ಟು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ, ಆದರೆ ಗುಂಪುಗೂಡುವ ಅರ್ಥದಿಂದಲೇ ಇದು ಬಂತು ಎನ್ನುವುದಕ್ಕೆ ಕನ್ನಡದ ಬಳಕೆಯಲ್ಲಿ ಒಂದು ಎಳೆಯೂ ಸಿಗುವುದಿಲ್ಲ. ಕನ್ನಡದಲ್ಲಿ ಮುಯ್ಯಿಯ ತಿರುಳು ಮರಳಿಸುವುದು. ಮುಯ್ಯಿಗೆ ಮುಯ್ಯಿ ಎನ್ನುತ್ತೇವೆ, ಮುಯ್ಯಿ ತೀರಿಸಿಕೊಂಡ ಎನ್ನುತ್ತೇವೆ. ಬೈಬಲ್ಲಿನ ಕನ್ನಡ ಅನುವಾದದಲ್ಲಿ ದೇವರು ಸೇಡಿನ ಕುರಿತು ಆಡುವ ಮಾತಿಗೂ ಮುಯ್ಯಿ ತೀರಿಸುವುದೆಂಬ ಪ್ರಯೋಗವನ್ನೇ ಆರಿಸಿಕೊಂಡಿದ್ದಾರೆ. ಒಳಿತಾಗಲಿ ಕೆಡುಕಾಗಲಿ, ಪಡೆದದ್ದಕ್ಕೆ ಸಮನಾದುದನ್ನು ತಿರುಗಿ ಕೊಡುವ ಬಾಧ್ಯತೆ ಈ ಪದದ ಒಳಗಿದೆ.

ಇನ್ನೂ ಹತ್ತಿರದ ಸಾಕ್ಷಿ ಹೊಲದಲ್ಲಿದೆ. ಮುಯ್ಯಾಳು ಎಂದರೆ ಕೂಲಿಗೆ ಬಂದವನಲ್ಲ, ಬಿಟ್ಟಿಗೆ ಬಂದವನೂ ಅಲ್ಲ. ಇಂದು ನೀವು ನಮ್ಮ ನಾಟಿಗೆ ಬಂದರೆ ನಾಳೆ ನಿಮ್ಮ ನಾಟಿಗೆ ನಮ್ಮ ಮನೆಯಿಂದ ಒಂದಾಳು ಬರಲೇಬೇಕು. ಮದುವೆಯ ಮುಯ್ಯಿ ನಡೆಯುವುದೂ ಇದೇ ಕ್ರಮದಲ್ಲಿ. ಧಾರೆಯ ಹೊತ್ತಿನಲ್ಲಿ ನೆಂಟರಿಷ್ಟರು ಸಾಲಾಗಿ ಬಂದು ಹೆಣ್ಣುಗಂಡಿನ ಕೈಮೇಲೆ ಹಾಲೆರೆದು ಮುಯ್ಯಿ ಮಾಡಿದಾಗ ಹೆಸರು, ಊರು, ಮೊತ್ತ ಪುಸ್ತಕಕ್ಕೆ ಏರುವುದು ಲೆಕ್ಕದ ಮೋಹದಿಂದಲ್ಲ. ಮುಂದೆ ಅವರ ಮನೆಯಲ್ಲಿ ಮದುವೆಯಾದಾಗ ಆ ಪುಸ್ತಕವನ್ನು ತೆಗೆದು ನೋಡಿ, ಐನೂರೊಂದು ಬಂದಿದ್ದರೆ ಐನೂರೊಂದಕ್ಕೆ ಕಡಿಮೆಯಿಲ್ಲದಂತೆ ಮಾಡಿ ಬರುತ್ತಾರೆ. ಬಡವರ ಮನೆಯ ಮದುವೆ ಸಾಲದ ಸುಳಿಗೆ ಸಿಲುಕದೆ ದಡ ಸೇರುವುದಕ್ಕೆ ಈ ಪುಸ್ತಕ ಎಷ್ಟು ನೆರವಾಗಿದೆ ಎಂಬುದನ್ನು ಹಳ್ಳಿಯಲ್ಲಿ ಬದುಕಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಆ ತಾಯಿಯ ಮಾತನ್ನು ಮತ್ತೆ ಓದಿ. ಅವರು ಹಣವನ್ನು ನಿರಾಕರಿಸಿಲ್ಲ, ಪ್ರವಾಸಿಗರನ್ನು ಹೊರಗಿನವರೆಂದು ದೂರವಿಟ್ಟೂ ಇಲ್ಲ. ತೀರಿಸಲಾಗದ ಬಾಕಿಯನ್ನು ಮನೆಯ ಪುಸ್ತಕದಲ್ಲಿ ಉಳಿಸಿಕೊಳ್ಳಲು ಒಪ್ಪಿಲ್ಲ, ಅಷ್ಟೇ. ಅವರ ಪದಪ್ರಯೋಗ ನಮ್ಮೆಲ್ಲರಿಗಿಂತ ನಿಖರವಾಗಿದೆ. ಆದ್ದರಿಂದ ಫಲಕದಲ್ಲಿ 'ಮುಯ್ಯಿ' ಎಂದೇ ಇರಲಿ, ಏಕೆಂದರೆ ಅದು ನೆಂಟರಿಷ್ಟರಿಗಾಗಿ ಇಟ್ಟ ಮೇಜು. ದಂಪತಿ ಕೊಡುವುದು ಉಡುಗೊರೆ. ಅದರಲ್ಲಿ ಉಡು ಎಂಬ ಧಾತು ಎದ್ದು ಕಾಣುತ್ತದೆ. ಉಡಿಸಿದ್ದನ್ನು ಯಾರೂ ಮರಳಿ ಕೇಳುವುದಿಲ್ಲ. ಪುಸ್ತಕಕ್ಕೆ ಬಾರದಂತೆ ಅದನ್ನು ನೇರವಾಗಿ ಹೆಣ್ಣುಗಂಡಿನ ಕೈಗೆ ಕೊಡಲಿ.

ಉತ್ತರ (ಮೈಸೂರು)

ಉಂಡವನು ಕೊಡುವುದು ಉಂಡದ್ದಕ್ಕೆ ಪ್ರತಿಯಾಗಿಯೇ ಅಲ್ಲವೇ? ಪ್ರವಾಸಿಗರು ಬಾಳೆಲೆಯ ಮುಂದೆ ಕುಳಿತು ಉಣ್ಣುತ್ತಾರೆ, ಅದಕ್ಕೆ ಮುಯ್ಯಿ ಮಾಡುತ್ತಾರೆ. ಬಾಕಿ ಅಲ್ಲಿಗೆ ತೀರಿತು. ನಿಮ್ಮದೇ ಅರ್ಥವನ್ನು ಒಪ್ಪಿದರೂ ನನ್ನ ಪದವೇ ನಿಲ್ಲುತ್ತದೆ.

ಉತ್ತರ (ನಾಗಮಂಗಲ)

ನಿಲ್ಲುವುದಿಲ್ಲ. ಊಟಕ್ಕೆ ಪ್ರತಿಯಾಗಿ ಹಣ ಕೊಡುವುದು ಹೋಟೆಲಿನಲ್ಲಿ. ಮದುವೆಮನೆಯ ಅನ್ನಕ್ಕೆ ಬೆಲೆ ಕಟ್ಟಿದ್ದಾರೆಂದು ಗೊತ್ತಾದರೆ ಆ ಮನೆಯವರು ನೊಂದುಕೊಳ್ಳುತ್ತಾರೆ. ಇದನ್ನು ಹಾಳೆಯಲ್ಲಿ ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ಹೊರದೇಶದವರು ತಪ್ಪಾಗಿ ತಿಳಿಯುವ ಸಂಭವ ಇಲ್ಲಿಯೇ ಹೆಚ್ಚು.

ಉತ್ತರ (ಮಂಡ್ಯ)

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ತಡೆಯಿರಿ. ಮೇಜು, ಪುಸ್ತಕ, ನೋಟುಗಳ ಕಂತೆ ಇವನ್ನು ಕಂಡ ವಿದೇಶಿಯರು ಇದೇ ವರದಕ್ಷಿಣೆ ಎಂದುಕೊಳ್ಳಬಹುದು. ವರದಕ್ಷಿಣೆ 1961ರ ಕಾಯಿದೆಯಡಿ ಅಪರಾಧ. ಮುಯ್ಯಿ ಬೇಡಿಕೆಯಿಲ್ಲದೆ ನೆಂಟರಿಷ್ಟರು ಮಾಡುವಂಥದು. ಅನುವಾದಕರಿಗೆ ಈ ಎರಡರ ಗೆರೆಯನ್ನು ತಿಳಿಸದಿದ್ದರೆ ಹಾಳೆಯಿಂದ ಕೆಡುಕೇ ಆದೀತು.

'ಗಿಫ್ಟ್' ಪದವನ್ನು ಮೈಸೂರಿನವರು ಬಾಗಿಲಲ್ಲೇ ತಡೆದಿರುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಕಡೆಯ ಮದುವೆಗಳಲ್ಲಿ ಇಂದು ಹಣಕ್ಕೆ ಮುಯ್ಯಿ ಎಂದೂ, ಬಣ್ಣದ ಕಾಗದ ಸುತ್ತಿದ ಗಡಿಯಾರಕ್ಕೋ ಪಾತ್ರೆಗೋ ಗಿಫ್ಟ್ ಎಂದೂ ಹೇಳುತ್ತಾರೆ. ಜನ ಎರವಲು ಪದವನ್ನು ಹಳೆಯದರ ಜಾಗಕ್ಕೆ ತಂದಿಲ್ಲ, ಹೊಸ ವಸ್ತುವಿಗೆ ಇಟ್ಟಿದ್ದಾರೆ. ಮುಯ್ಯಿಯ ಅರ್ಥ ಇದರಿಂದ ಇನ್ನಷ್ಟು ಬಿಗಿಯಾಗಿದೆ. ಕಾಗದ, ಕುರ್ಚಿ, ಶಾಮಿಯಾನ ಎಲ್ಲವೂ ಹೊರಗಿನಿಂದ ಬಂದವೇ. ಮೈಸೂರಿನ ದರ್ಬಾರಿನಲ್ಲಿ ಅರಸರಿಗೆ ಒಪ್ಪಿಸುತ್ತಿದ್ದುದು ನಜರು, ಅರಸರು ಕೊಡುತ್ತಿದ್ದುದು ಖಿಲ್ಲತ್ತು. ಅರಮನೆಗೆ ಸಲ್ಲುತ್ತಿದ್ದ ಎರವಲು ಹಳ್ಳಿಯ ಚಪ್ಪರಕ್ಕೆ ಸಲ್ಲದು ಎನ್ನುವುದು ಯಾವ ನ್ಯಾಯ?

ಉತ್ತರ (ಮೈಸೂರು)

ನಜರು ಹೋಯಿತು, ಖಿಲ್ಲತ್ತೂ ಹೋಯಿತು. ಮುಯ್ಯಿ ಉಳಿದಿದೆ. ಉಡುಗೊರೆ ಎಂಬ ಪದವಿರುವಾಗ ಗಡಿಯಾರವೂ ಉಡುಗೊರೆಯೇ. ನಗರದ ಲಗ್ನಪತ್ರಿಕೆಗಳಲ್ಲಿ 'ಆಶೀರ್ವಾದವೇ ಉಡುಗೊರೆ' ಎಂದು ಅಚ್ಚಾಗುತ್ತಿರುವುದನ್ನು ನೋಡಿಲ್ಲವೇ? ಗಿಫ್ಟಿನ ವಿಷಯದಲ್ಲಿ ನಾನು ಒಂದಿಷ್ಟೂ ಸರಿಯುವುದಿಲ್ಲ. ಧಾತುವಿನ ವಿಷಯದಲ್ಲಿಯೂ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೂ ಈ ಫಲಕದ ಮಟ್ಟಿಗೆ ನಾಗಮಂಗಲದವರು ಹೇಳಿದಂತೆ ನಡೆಯಲಿ. ಒಂದು ಮಾತು: ಹಾಳೆಯಲ್ಲಿ ಆ ದಂಪತಿಯನ್ನು 'ಪರದೇಶಿ' ಎಂದು ಬರೆಯಬೇಡಿ, ನಮ್ಮ ಮಾತಿನಲ್ಲಿ ಅದು ದಿಕ್ಕಿಲ್ಲದವರಿಗೆ ಸಲ್ಲುವ ಪದ. 'ಹೊರನಾಡಿನವರು' ಎಂದರೆ ಮುಂಬಯಿಯ ಕನ್ನಡಿಗರು ನೆನಪಾಗುತ್ತಾರೆ.

ಪ್ರಶ್ನಿಸಿದವರು (ಪಾಂಡವಪುರ)

ಎಲ್ಲರಿಗೂ ವಂದನೆಗಳು. ಫಲಕಕ್ಕೆ 'ಮುಯ್ಯಿ' ಎಂದು ಬರೆಯಲು ಹೇಳಿದ್ದೇನೆ. ಅನುವಾದಕರಿಗೆ ಕಳುಹಿಸಿದ ಭಾಗ ಹೀಗಿದೆ:

"ಮೇಜಿನ ಬಳಿ ಹೆಸರು ಬರೆಸಿ ಹಣ ಕೊಡುವುದನ್ನು ಮುಯ್ಯಿ ಎನ್ನುತ್ತಾರೆ. ಇದು ವರದಕ್ಷಿಣೆಯಲ್ಲ, ಊಟದ ಬೆಲೆಯೂ ಅಲ್ಲ. ಇಂದು ಪಡೆದ ಮನೆಯವರು ಮುಂದೆ ಕೊಟ್ಟವರ ಮನೆಯ ಮದುವೆಯಲ್ಲಿ ಇದನ್ನು ಮರಳಿಸುತ್ತಾರೆ. ದೂರದಿಂದ ಬಂದ ಅತಿಥಿಗಳಾದ ತಾವು ಮುಯ್ಯಿ ಮಾಡಬೇಕಾಗಿಲ್ಲ. ಪ್ರೀತಿಯಿಂದ ಏನನ್ನಾದರೂ ಕೊಡಬಯಸಿದರೆ, ಧಾರೆಯ ಸಾಲಿನಲ್ಲಿ ಹಾಲೆರೆದ ಬಳಿಕ ವಧೂವರರ ಕೈಗೇ ಉಡುಗೊರೆಯಾಗಿ ಕೊಡಬಹುದು."

ಇದನ್ನು ಹೆಣ್ಣಿನ ತಾಯಿಗೆ ಓದಿ ಹೇಳಿದೆ. ಅವರು ಒಪ್ಪಿದರು, ಹಾಲೆರೆಯುವಾಗ ಬಲಗೈಯನ್ನೇ ಬಳಸಬೇಕೆಂಬುದನ್ನೂ ಸೇರಿಸಲು ಹೇಳಿದರು. ಸೇರಿಸಿದ್ದೇನೆ.