ಗಂಡ ಹೆಂಡ್ತಿ ಇಬ್ರೂ ಮ್ಯಾರಥಾನಿಗೆ ತಯಾರಿ ನಡಸೀವಿ, ಜೋಡಿ ಓಡೂದೋ ಬ್ಯಾರೆ ಬ್ಯಾರೆ ಓಡೂದೋ?

ಗುಮ್ಮಟನಗರಿಯಾಕಿ:

ಎಲ್ಲಾರಿಗೂ ನಮಸ್ಕಾರ್ರಿ. ನಾವು ವಿಜಯಪುರದವ್ರು, ನನಗ 41, ನಮ್ಮನಿಯವ್ರಿಗೆ 45. ನಾ ಹೈಸ್ಕೂಲ್ ಟೀಚರ್, ಅವ್ರದು ಗೊಬ್ಬರ ಬೀಜದ ಅಂಗಡಿ. ಅವ್ರಿಗೆ ಶುಗರ್ ಬಾರ್ಡರಿಗೆ ಬಂದದ ಅಂತ ಡಾಕ್ಟ್ರು ಹೇಳಿದ ಮ್ಯಾಲೆ ಇಬ್ರೂ ಕೂಡಿ ವಾಕಿಂಗ್ ಚಾಲೂ ಮಾಡಿದ್ವಿ, ವಾಕಿಂಗ್ ಹೋಗಿ ಜಾಗಿಂಗ್ ಆತು, ಆಮ್ಯಾಲೆ ನಮ್ಮೂರ ವೃಕ್ಷಥಾನ್ ಅನ್ನೂ ಓಟದಾಗ ಮೊದ್ಲ 10 ಕಿಮೀ, ಮುಂದ 21 ಓಡಿದ್ವಿ, ಈಗ ಜನವರಿ ಮೂರನೇ ರವಿವಾರದ ಮುಂಬೈ ಮ್ಯಾರಥಾನಿಗೆ ಇಬ್ರೂ ಫುಲ್‌ಗೆ ಹೆಸರು ಹಚ್ಚೀವಿ. 42.195 ಕಿಮೀ ಅಂದ್ರ ಹೆಚ್ಚುಕಡಿಮಿ ಇಲ್ಲಿಂದ ಬಸವನ ಬಾಗೇವಾಡಿ ಮುಟ್ಟಿದಂಗ. ಇನ್ನ 11 ವಾರ ಉಳದಾವು.

ತ್ರಾಸು ಏನಂದ್ರ ನಮ್ಮಿಬ್ಬರ ಸ್ಪೀಡ್ ಒಂದ ಅಲ್ಲ. ಅವ್ರು ಆರಾಮ ಮಾತಾಡ್ಕೋತ ಓಡಿದ್ರೂ ಕಿಲೋಮೀಟರಿಗೆ 6 ನಿಮಿಷ, ನಾ 7 ನಿಮಿಷ 20 ಸೆಕೆಂಡು. 10 ಕಿಮೀದಾಗ ಇದು ಗೊತ್ತಾಗ್ತಿರಲಿಲ್ಲ, 20 ದಾಟಿದ ಮ್ಯಾಲೆ ಗೊತ್ತಾಗಾಕತ್ತೇತಿ. ನನ್ನ ಜೋಡಿ ನಿಧಾನ ಓಡಿದ್ರ ಅವ್ರಿಗೆ ಮಣಕಾಲು ಹಿಡಿತದ, ಅವ್ರ ಜೋಡಿ ಓಡಿದ್ರ ನನಗ ಉಸರು ಹತ್ತಂಗಿಲ್ಲ. ಹಂಗಂತ ಬ್ಯಾರೆ ಬ್ಯಾರೆ ಹೋಗ್ರಿ ಅಂತ ಹೇಳೂದು ಸಸಾರ, ಆದ್ರ ನಸುಕಿನ ನಾಕೂವರಿಗೆ ಒಬ್ಬ ಹೆಣಮಗಳು ಅಥಣಿ ರೋಡಿಗೆ ಹೆಂಗ್ ಓಡ್ಬೇಕ್ರಿ? ನಾಯಿ ಒಂದ್ ಕಡಿ, ಈಗ ಫ್ಯಾಕ್ಟರಿ ಚಾಲೂ ಆಗ್ಯಾವು, ಕಬ್ಬಿನ ಟ್ರ್ಯಾಕ್ಟರ್ ಎರಡೆರಡು ಟ್ರೇಲರ್ ಕಟ್ಕೊಂಡು ಬರ್ತಾವು, ಹಿಂದ ಲೈಟ್ ಇರಂಗಿಲ್ಲ.

ಹ್ವಾದ ರವಿವಾರ 24 ಕಿಮೀ ಇತ್ತು, ತೊರವಿ ದಾಟಿ ಹೋಗಿ ಹೊಳ್ಳಿ ಬರೂದು. 17ನೇ ಕಿಲೋಮೀಟರಿಗೆ ಬಿಸಲು ಏರಾಕತ್ತಿತ್ತು, ಅವ್ರು ನನಗಿಂತ ಒಂದ್ ನೂರ್ ಮಾರು ಮುಂದಿದ್ರು, ತಿರುಗಿ ನೋಡಿ "ಸ್ವಲ್ಪ ಲಗೂ ಬಾ" ಅಂದ್ರು. ಅಷ್ಟ. ಕೆಟ್ಟ ಮನಸ್ಸಿನಿಂದ ಅಂದಿಲ್ಲ, ಮಣಕಾಲು ನೋಯಾಕತ್ತಿತ್ತು ಅಂತ ಆಮ್ಯಾಲೆ ಹೇಳಿದ್ರು. ನನಗ ಏನಾತೋ, ರಸ್ತೆ ಬಾಜೂ ಸಣ್ಣ ಸೇತುವಿ ಕಟ್ಟಿ ಮ್ಯಾಲೆ ಕುಂತಬಿಟ್ಟೆ. ಎದುರಿಗೆ ತೊಗರಿ ಹೊಲ, ಹಳದಿ ಹೂ ಬಿಟ್ಟಿತ್ತು, ಅದನ್ನ ನೋಡ್ಕೋತ ಅತ್ತಿನಿ. ಉಳದ ಏಳು ಕಿಮೀ ಇಬ್ರೂ ಮಾತಾಡ್ಲಾರದ ನಡಕೋತ ಬಂದ್ವಿ. ಮನಿಗೆ ಬಂದ್ ಕೂಡ್ಲೆ ಅವ್ರು ಫ್ಯಾನ್ ಕೆಳಗ ಅಡ್ಡಾದ್ರು, ನಾ ಬೂಟು ಬಿಚ್ಚಿ ಕಾಲಿಗೆ ನೀರ್ ಹಾಕ್ಕೊಂಡು ರೊಟ್ಟಿ ಬಡಿಯಾಕ ಕುಂತೆ, ಮಕ್ಕಳು ಹಸಕೊಂಡಿದ್ವು.

ಇದನ್ನ ಬಿಡೂ ಮನಸ್ಸಿಲ್ಲ. ನಮ್ಮ ಸಂಸಾರದಾಗ ಇಬ್ರೂ ಕೂಡಿ ಮಾಡೂ ಕೆಲಸ ಅಂತ ಇರೂದು ಇದೊಂದ, ಉಳದದ್ದೆಲ್ಲಾ ಅವ್ರದು ಅವ್ರಿಗೆ ನಂದು ನನಗ. ಹಂಗಾಗಿ ಕೇಳಾಕತ್ತೀನಿ, ಜೋಡಿ ತಯಾರಿ ಮಾಡಿದವ್ರು ಯಾರರ ಇದ್ರ ಹೇಳ್ರಿ, 28, 30 ಕಿಮೀ ಹೆಂಗ್ ಓಡಿದ್ರಿ? ರೇಸಿನ ದಿನ ಕೂಡಿ ಓಡಿದ್ರೋ ಬಿಟ್ಟು ಓಡಿದ್ರೋ? ಇನ್ನೊಂದು, ರೇಸಿನ ಹತ್ತರನ ಸಂಕ್ರಮಣ ಬರ್ತದ, ಸಿದ್ದೇಶ್ವರ ಜಾತ್ರಿ, ಮನಿ ತುಂಬ ಬೀಗರು. ವಿಶ್ರಾಂತಿ ತಗೋಬೇಕಾದ ವಾರದಾಗ ನಾ ಸಜ್ಜಿ ರೊಟ್ಟಿ, ಮಾದಲಿ ಮಾಡ್ಕೋತ ನಿಂದ್ರಬೇಕು.

ನವನಗರ ರನ್ನರ್, ಬಾಗಲಕೋಟಿ:

ಅಕ್ಕಾರ, ಮೊದ್ಲ ಆ ಅಥಣಿ ರೋಡ್ ಬಿಡ್ರಿ. ಕಬ್ಬಿನ ಸೀಸನ್ ಮುಗಿಯೂತನಾ ಕತ್ತಲದಾಗ ಹೈವೇ ಬ್ಯಾಡ, ನಾ ಕೈ ಮುಗದು ಹೇಳ್ತೀನಿ.

ನಮ್ಮ ಮನ್ಯಾಗೂ ಇದ ಗೋಳು ಇತ್ರಿ. ನಾ ಮುಂದ ಓಡಿ ಒಂದ್ ಕಿಮೀಗೊಮ್ಮೆ ಹೊಳ್ಳಿ ಬರ್ತಿದ್ದೆ, ಅಕಿಗೆ ಅದು ಕಾವಲು ಕಾದಂಗ ಅನಸ್ತಿತ್ತು, "ನೀವು ಹೊಳ್ಳಿ ಬಂದಾಗೆಲ್ಲಾ ನಾ ಹಿಂದ ಬಿದ್ದೀನಿ ಅಂತ ನೆನಪ ಮಾಡಿದಂಗ ಆಗ್ತೈತಿ" ಅಂತ ಒಂದ್ ದಿನ ಅಂದ್ಲು. ಆಮ್ಯಾಲೆ ನಮಗ ಹೊಳದದ್ದು ಇದು. ನವನಗರ ಆಲಮಟ್ಟಿ ಹಿನ್ನೀರಿಗೆ ಮನಿ ಕಳಕೊಂಡವ್ರಿಗಂತ ಕಟ್ಟಿದ ಊರು, ಸೆಕ್ಟರ್ ರಸ್ತೆ ಅಗಲ ಅದಾವು, ಲೈಟ್ ಅದಾವು. ಅದರಾಗ 3 ಕಿಮೀದ ಒಂದ್ ಸುತ್ತು ಗುರ್ತ ಮಾಡಿದ್ವಿ. ನಾ ಎಡಕ್ಕ ಹೊಂಟ್ರ ಅಕಿ ಬಲಕ್ಕ. ಹಿಂದ ಮುಂದ ಅನ್ನೂದ ಇಲ್ಲ, ಎದರಾ ಬದರಾ ಬರೂದು. ನಿಮ್ಮ ಸ್ಪೀಡಿನ ಲೆಕ್ಕ ಹಾಕಿದೆ, ನೀವು 7:20, ಅವ್ರು 6:00 ಅಂದ್ರ 3 ಕಿಮೀ ಸುತ್ತಿನ್ಯಾಗ ಹತ್ತ ಹತ್ತ ನಿಮಿಷಕ್ಕೊಮ್ಮೆ ಎದುರಾಗ್ತೀರಿ. ಮೂರು ತಾಸಿಗೆ 18 ಸಲ. ಹತ್ತು ನಿಮಿಷದಾಗ ಮಾರಿ ಕಾಣಲಿಲ್ಲ ಅಂದ್ರ ಏನೋ ಆಗೇತಿ ಅಂತ ತಿಳೀತೈತಿ, ಯಾರರ ಒಬ್ರ ಮನಿ ಮುಂದ ನೀರಿನ ಬಾಟ್ಲಿ ಇಟ್ರ ಹೊತ್ಕೊಂಡು ಓಡೂ ತ್ರಾಸೂ ಇಲ್ಲ. ವಿಜಯಪುರದಾಗ ಸ್ಟೇಷನ್, ಗೋಳಗುಮ್ಮಟದ ಕಡೆ ಇಂಥಾ ಒಂದ್ ಸುತ್ತು ಖರೆ ಸಿಗ್ತೈತಿ, ಒಮ್ಮೆ ಗಾಡಿ ಮ್ಯಾಲೆ ಹೋಗಿ ಅಳದು ನೋಡ್ರಿ.

ಕ್ಯಾಂಪ್ ಕಾಕು, ಬೆಳಗಾವಿ:

ತಂಗಿ, ನಿನ್ನ ಬರಹ ಓದಿ ಕಣ್ಣಾಗ ನೀರು ಬಂತು ನೋಡು. ನನಗ 53, ನಮ್ಮನಿಯವ್ರಿಗೆ 58, ಇಬ್ರೂ ದಿನಾ ಇಲ್ಲಿ ವ್ಯಾಕ್ಸಿನ್ ಡಿಪೋ ಮೈದಾನದಾಗ ಓಡ್ತೀವಿ, ಮುಂಬೈ ಫುಲ್ ಎರಡ್ ಸಲ ಮಾಡೀವಿ. ಮೊದಲನೇ ಸಲ ಕೈ ಕೈ ಹಿಡಕೊಂಡು ಮುಗಸೂಣು ಅಂತ ಹೋಗಿದ್ವಿ. ಅವ್ರು ಪ್ರತಿ ನೀರಿನ ಟೇಬಲ್ಲಿಗೆ ನಿಂತು ನನಗ ಕಾಯೂದು, ನಿಂತು ನಿಂತು ಅವ್ರ ಮೀನಖಂಡ ಬಿಗದು ಬಳ್ಳಿ ಬಂತು, ನನಗ ಇವ್ರನ್ನ ಕಾಯಸಾಕತ್ತೀನಿ ಅನ್ನೂ ಚಿಂತಿ. ಮೂವತ್ತು ದಾಟಿದ ಮ್ಯಾಲೆ ಪೆಡ್ಡರ್ ರೋಡಿನ ಏರು ಬರ್ತೈತಿ, ನಮ್ಮ ಊರಾಗ ಅದು ಏರು ಅಂತ ಲೆಕ್ಕಕ್ಕಿಲ್ಲ, ಆದ್ರ ಅಷ್ಟು ಓಡಿದ ಕಾಲಿಗೆ, ಆ ಸಮುದ್ರದ ಸೆಕಿಯೊಳಗ, ರಾಜಹಂಸಗಡ ಹತ್ತಿದಂಗ ಆಗ್ತೈತಿ. ಅಲ್ಲಿ ಇಬ್ರೂ ಜಗಳಾಡಿದ್ವಿ.

ಎರಡನೇ ಸಲ ಸ್ಟಾರ್ಟಿನ್ಯಾಗನ ಬಿಟ್ಟುಬಿಟ್ವಿ. ಅವ್ರಾರ ಅವ್ರು, ನಾನಾರ ನಾನು. ಅವ್ರು ನನಗಿಂತ ಒಂದ್ ತಾಸು ಮೊದ್ಲ ಮುಗಸಿದ್ರು. ನಾ ಫಿನಿಷ್ ದಾಟಿ ಹೊರಗ ಬಂದಾಗ ಅವ್ರು ನನ್ನ ಚಪ್ಪಲ್ ಕೈಯಾಗ ಹಿಡಕೊಂಡು ನಿಂತಿದ್ರು. ನನ್ನ ಕಾಲು ಬಾತು ಬೂಟಿನ್ಯಾಗ ಹಿಡಸ್ತಿರಲಿಲ್ಲ, ಅವ್ರ ಬಗ್ಗಿ ಲೇಸ್ ಬಿಚ್ಚಿ ಚಪ್ಪಲ್ ಹಾಕಿದ್ರು. ಮೂವತ್ತು ವರ್ಷದ ಸಂಸಾರದಾಗ ನಾ ಅದನ್ನ ಮರಿಯಂಗಿಲ್ಲ. ಆದ ಕಾರಣ ರೇಸಿನ ದಿನ ಬಿಟ್ಟು ಓಡ್ರಿ ಅಂತ ನನ್ನ ಮಾತು. ನಿಮ್ಮ ಸ್ಪೀಡಿಗೆ 42ಕ್ಕ ಹತ್ತತ್ರ 55 ನಿಮಿಷದ ಫರಕು ಬರ್ತೈತಿ, ಅಷ್ಟು ಹೊತ್ತು ಒಬ್ಬರು ಇನ್ನೊಬ್ಬರ ಕಾಲಿನ್ಯಾಗ ಓಡಾಕ ಆಗಂಗಿಲ್ಲ.

ಈಗ ರೊಟ್ಟಿ ಮಾತು. ಅದು ಸಣ್ಣ ಮಾತಲ್ಲ ತಂಗಿ. 24 ಕಿಮೀ ಓಡಿ ಬಂದ್ ಮ್ಯಾಲೆ ಮೈ ರಿಪೇರಿ ಆಗೂ ಹೊತ್ತು ಅದು, ಅವ್ರು ಮಲಗಿದ್ರ ಅವ್ರದು ರಿಪೇರಿ ಆಗ್ತೈತಿ, ನೀ ಒಲಿ ಮುಂದ ಕುಂತ್ರ ನಿಂದು ಆಗಂಗಿಲ್ಲ, ಮುಂದಿನ ರವಿವಾರ ನಿನಗ ದಮ್ಮು ಸಾಲಂಗಿಲ್ಲ, ಆವಾಗ ಮತ್ತ "ಲಗೂ ಬಾ" ಅಂತಾರ. ಇದನ್ನ ಅವ್ರಿಗೆ ಕುಂದ್ರಿಸಿ ಹೇಳು, ಸಿಟ್ಟಿಲೆ ಅಲ್ಲ, ಲೆಕ್ಕ ಹೇಳಿದಂಗ ಹೇಳು. ಶನಿವಾರ ಸಂಜಿಗೆ ಕಡಕ್ ರೊಟ್ಟಿ ತಂದಿಡು, ಶೇಂಗಾ ಹಿಂಡಿ, ಮಸರು ಇದ್ರ ರವಿವಾರ ಊಟ ಆತು. ಸಂಕ್ರಮಣಕ್ಕ ಬೀಗರಿಗೆ ಈಗ ಫೋನ್ ಹಚ್ಚಿ ಹೇಳು, ಈ ವರ್ಷ ಮಾದಲಿ ನೀವು ಮಾಡ್ಕೊಂಡು ಬರ್ರಿ ಅಂತ. ಹೆಣಮಕ್ಕಳ ಮ್ಯಾರಥಾನ್ ಒಲಿಂಪಿಕ್ಸಿಗೆ ಬಂದದ್ದ 1984ರಾಗ, ನಾ ಆಗ ಏಳನೇತ್ತಾ ಕಲೀತಿದ್ದೆ, ಅಲ್ಲೀತನಾ ಹೆಣ್ಣಿಗೆ ಅದು ಆಗಂಗಿಲ್ಲ ಅಂತಿದ್ರು. ನೀ ನಾಚಿಗಿ ಪಡಬ್ಯಾಡ, ಬಾಯಿ ಬಿಟ್ಟು ಕೇಳು.

ಪಿಟಿ ಮಾಸ್ತರ್, ಇಂಡಿ:

ಮೇಡಂ, ಕಿಲೋಮೀಟರ್ ಎಣಸೂದು ಬಿಟ್ಟು ತಾಸು ಎಣಸ್ರಿ. ಮೂರು ತಾಸು ಓಟ ಅಂದ್ರ ಸರ್‌ಗೆ 30 ಕಿಮೀ ಆಗ್ತದ, ನಿಮಗ 24 ಚಿಲ್ಲರ ಆಗ್ತದ, ಮೈಗೆ ಬೀಳೂ ದಣಿವು ಇಬ್ಬರಿಗೂ ಹೆಚ್ಚುಕಡಿಮಿ ಅಷ್ಟ. ನೀವು 30 ಕಿಮೀ ಪೂರಾ ಓಡ್ಬೇಕಂದ್ರ 3 ತಾಸು 40 ನಿಮಿಷ ಬೇಕು, ಅದು ಒಮ್ಮೆ ಸಾಕು, ಅದೂ ರೇಸಿಗೆ ಮೂರು ವಾರ ಇದ್ದಾಗ. ಆಮ್ಯಾಲೆ ಇಳಸ್ಕೋತ ಬರ್ರಿ. ಮೂರು ವಾರ ಏರಸಿದ್ರ ನಾಕನೇ ವಾರ ಕಡಿಮಿ ಮಾಡ್ರಿ.

ಸರ್ ಮಣಕಾಲಿಂದು ಬರೇ ನಿಧಾನ ಓಡಿದ್ದಕ್ಕ ಬಂದದ್ದು ಅನ್ನಾಕ ಬರಂಗಿಲ್ಲ. ನಿಧಾನ ಓಡೂ ಮುಂದ ಉದ್ದುದ್ದ ಹೆಜ್ಜಿ ಹಾಕಿ ಹಿಮ್ಮಡ ಕುಟ್ಟಿದ್ರ ಮಣಕಾಲಿಗೆ ಹೊಡತ ಬೀಳ್ತದ, ಸಣ್ಣ ಹೆಜ್ಜಿ ಹಾಕ್ಲಿ. ಮೆಟ್ಟಲಾ ಇಳಿಯೂ ಮುಂದೂ ನೋವು ಬರ್ತಿದ್ರ ಎಲುಬಿನ ಡಾಕ್ಟ್ರಿಗೆ ತೋರಸ್ರಿ, ತಡಾ ಮಾಡಬ್ಯಾಡ್ರಿ. ನೀವು ಒಮ್ಮೆ ರಕ್ತ ತಪಾಸಣಿ ಮಾಡಸ್ರಿ ಮೇಡಂ, ಓಡೂ ಹೆಣಮಕ್ಕಳಿಗೆ ಹಿಮೋಗ್ಲೋಬಿನ್ ಕಡಿಮಿ ಇದ್ರ ಎಷ್ಟು ತಾಲೀಮು ಮಾಡಿದ್ರೂ ಉಸರು ಹತ್ತಂಗಿಲ್ಲ. ಊಟ ಆದ ಕೂಡ್ಲೆ ಚಹಾ ಕುಡದ್ರ ಕಬ್ಬಿಣದ ಅಂಶ ಮೈಗೆ ಹತ್ತೂದು ಕಡಿಮಿ ಆಗ್ತದ, ಅದರ ಬದ್ಲಿ ಊಟದಾಗ ಲಿಂಬಿಹಣ್ಣು ಹಿಂಡ್ಕೋರಿ, ನಮ್ಮ ಇಂಡಿ ಲಿಂಬಿಗೆ 2023ರಾಗ ಜಿಐ ಟ್ಯಾಗ್ ಬೇರೆ ಸಿಕ್ಕದ.

ಓಡೂ ಮುಂದ ತಿನ್ನಾಕ ತುಟ್ಟಿ ಜೆಲ್ ಬೇಕಂತಿಲ್ಲ, ನಮ್ಮ ಜಿಲ್ಲಾದ ಒಣದ್ರಾಕ್ಷಿ ಅದಾವಲ್ಲ, ಒಂದ್ ಮುಷ್ಟಿ, 40 ಗ್ರಾಮಿನಷ್ಟು ತಿಂದ್ರ 30 ಗ್ರಾಮ್ ಕಾರ್ಬೋಹೈಡ್ರೇಟ್ ಸಿಗ್ತದ. ತಾಸಿಗೆ 30ರಿಂದ 60 ಗ್ರಾಮ್ ಬೇಕಾಗ್ತದ. ಸರ್‌ಗೆ ಶುಗರ್ ಬಾರ್ಡರ್ ಅಂದ್ರಿ, ಅವ್ರು ಡಾಕ್ಟ್ರಿಗೆ ಒಂದ್ ಮಾತು ಕೇಳಿ ತಿನ್ಲಿ. ಲಿಂಬಿ ಶರಬತ್ತಿಗೆ ಉಪ್ಪು ಹಾಕೂದು ಮರೀಬ್ಯಾಡ್ರಿ. ಮುಂಬೈದಾಗ ಸೆಕಿ ಅಂತ ಹೇಳಿ ಬರೇ ನೀರು ಗಟಗಟ ಕುಡಕೋತ ಹೋದ್ರ ರಕ್ತದಾಗಿನ ಸೋಡಿಯಂ ಇಳದು ತಲಿ ತಿರಗ್ತದ, ವಾಂತಿ ಆಗ್ತದ. ಐದು ತಾಸು ಓಡೂವ್ರಿಗೆ ಈ ಭಯ ಜಾಸ್ತಿ, ನೀರಡಿಕಿ ಆದಷ್ಟ ಕುಡೀರಿ.

ಒಂದ್ ಜೋಡಿ ನೆನಪಾತು, ನಾ ಹುಡುಗ್ರಿಗೆ ಯಾವಾಗ್ಲೂ ಹೇಳ್ತಿರ್ತೀನಿ. ಚೆಕೊಸ್ಲೊವಾಕಿಯಾದ ಎಮಿಲ್ ಜಾಟೊಪೆಕ್, ಹೆಂಡ್ತಿ ಡಾನಾ. ಇಬ್ರೂ ಹುಟ್ಟಿದ್ದು ಒಂದ ದಿನ, 1922ರ ಸೆಪ್ಟೆಂಬರ್ 19. 1952ರ ಹೆಲ್ಸಿಂಕಿ ಒಲಿಂಪಿಕ್ಸಿನ್ಯಾಗ ಅಂವಾ 5000 ಮೀಟರ್ ಗೆದ್ದ ದಿನಾನ ಅಕಿ ಭರ್ಜಿ ಒಗಿಯೂದ್ರಾಗ ಬಂಗಾರ ತಗೊಂಡ್ಲು, ಮೂರು ದಿನಾ ಬಿಟ್ಟು ಅಂವಾ ತನ್ನ ಜೀವನದ ಮೊದಲನೇ ಮ್ಯಾರಥಾನ್ ಓಡಿ ಅದನ್ನೂ ಗೆದ್ದ. ಇಬ್ಬರದೂ ಆಟ ಬ್ಯಾರೆ, ಅಂಗಳ ಒಂದ. ನಿಮಗ ಅಷ್ಟು ದೂರನೂ ಇಲ್ಲ, ಆಟನೂ ಒಂದ ಅದ, ಬರೇ ಸ್ಪೀಡ್ ಬ್ಯಾರೆ.

ಗುಮ್ಮಟನಗರಿಯಾಕಿ:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಇವತ್ತ ರವಿವಾರ, ಈಗಷ್ಟ ಊಟ ಮುಗಸಿ ಬರಿಯಾಕತ್ತೀನಿ.

ನಿಮ್ಮೆಲ್ಲರ ಮಾತು ನಮ್ಮನಿಯವ್ರಿಗೆ ಓದಿ ತೋರಸಿದೆ. ರೊಟ್ಟಿ ಮಾತು ಬಂದಾಗ ಅವ್ರು ಸುಮ್ಮ ಕುಂತ್ರು, ಆಮ್ಯಾಲೆ "ನನ್ನ ತಲಿಗೇ ಬಂದಿರಲಿಲ್ಲ ನೋಡು" ಅಂದ್ರು. ಶನಿವಾರ ಅವ್ರ ಹೋಗಿ ಕಡಕ್ ರೊಟ್ಟಿ ತಂದ್ರು. ನಮ್ಮ ಅತ್ತಿಯವ್ರೂ ಕೇಳಾಕತ್ತಿದ್ರು. ಅವ್ರು ಕಂಬಿ ಜೋಡಿ ಶ್ರೀಶೈಲಕ್ಕ ನಡಕೋತ ಹ್ವಾದವ್ರು, "ಬಟ್ಟ ಬಟ್ಟಿನ ನಡು ಕೊಬ್ಬರಿ ಎಣ್ಣಿ ತಿಕ್ಕೋರಿ, ಗುಳ್ಳಿ ಏಳಂಗಿಲ್ಲ" ಅಂತ ಬಟ್ಟಲಾ ತಂದು ಮುಂದಿಟ್ರು, ಸಂಕ್ರಮಣದ ಮಾದಲಿ ನಾ ನೋಡ್ಕೋತೀನಿ ಬಿಡು ಅಂತನೂ ಅಂದ್ರು.

ಸ್ಟೇಷನ್ ಕಡೆ 3 ಕಿಮೀದ ಸುತ್ತು ಸಿಕ್ತು, ಲೈಟ್ ಅದಾವು. ಐದಕ್ಕ ಚಾಲೂ ಮಾಡಿ ಎರಡೂವರಿ ತಾಸು ಓಡಿದ್ವಿ, ಅವ್ರು ಎಡಕ್ಕ ನಾ ಬಲಕ್ಕ. ಮೊದಲನೇ ಸಲ ಎದುರಾದಾಗ ಇನ್ನೂ ಕತ್ತಲಿ, ಹೆಜ್ಜಿ ಸಪ್ಪಳದ ಮ್ಯಾಲೆ ಅವ್ರ ಅಂತ ಗುರ್ತ ಹಿಡದೆ. ನಾಕನೇ ಸಲಕ್ಕ ಗುಮ್ಮಟದ ಹಿಂದ ಬೆಳಕು ಹರದಿತ್ತು, ಅವ್ರು ಕೈ ಚಾಚಿ ನನ್ನ ಅಂಗೈಯಾಗ ಒಣದ್ರಾಕ್ಷಿ ಹಾಕಿ ನಿಂದ್ರಲಾರದ ಹ್ವಾದ್ರು. ಮಾತಿಲ್ಲ ಕತಿಯಿಲ್ಲ, ಪ್ರತಿ ಸಲನೂ ಅಂಗೈಗೆ ಅಂಗೈ ತಾಗಸೂದು. ನಾ ಎಣಸಿದೆ, 15 ಸಲ. ಕಡೀ ಎರಡ್ ಸುತ್ತು ನಾ 7:10ರಾಗ ಓಡೀನಿ, ಯಾರೂ ಲಗೂ ಬಾ ಅಂದಿರಲಿಲ್ಲ.

ಮಣಕಾಲಿಗೆ ಬುಧವಾರ ಡಾಕ್ಟ್ರ ಕಡೆ ಹೊಂಟೀವಿ, ನನ್ನ ರಕ್ತ ತಪಾಸಣಿನೂ ಅವತ್ತ ಮಾಡಸ್ತೀನಿ. ಕಾಕು, ಮುಂಬೈದಾಗ ಚಪ್ಪಲ್ ಬ್ಯಾಗಿನ್ಯಾಗ ಇಟ್ಟು ಸ್ಟಾರ್ಟಿನ್ಯಾಗ ಕೊಟ್ಟು ಹೋಗಿದ್ರೋ, ಅವ್ರು ಹೋಟೆಲಿಗೆ ಹೋಗಿ ತಂದಿದ್ರೋ? ಅದೊಂದ್ ಹೇಳ್ರಿ.