ವೆಂಟಿಲೇಟರ್ ನಂತರ ಉಸಿರಿಗೆ ಸದ್ದು: ಆಸ್ತಮಾನೋ, ಶ್ವಾಸನಾಳದ ತೊಂದರೆಯೋ?

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 58 ವರ್ಷ. ನ್ಯುಮೋನಿಯಾ ಆಗಿ ಎರಡು ವಾರ ವೆಂಟಿಲೇಟರ್‌ನಲ್ಲಿದ್ದರು. ಮನೆಗೆ ಬಂದ ಮೇಲೆ ಚೆನ್ನಾಗೇ ಇದ್ದರು. ಈಗ ಒಂದು ತಿಂಗಳಿಂದ ಮೆಟ್ಟಿಲು ಹತ್ತಿದರೆ ಏದುಸಿರು, ಉಸಿರು ಎಳೆದುಕೊಳ್ಳುವಾಗ ಕರ್ಕಶವಾದ ಸದ್ದು. ಆಸ್ತಮಾ ಅಂತ ಇನ್‌ಹೇಲರ್ ಕೊಟ್ಟಿದ್ದಾರೆ, ಏನೂ ಗುಣವಿಲ್ಲ. ಎದೆಯ ಎಕ್ಸ್‌ರೇ ಸರಿಯಿದೆಯಂತೆ.

ಉತ್ತರ (ಇಎನ್‌ಟಿ ವೈದ್ಯ): ನೋಡದೆ ಖಚಿತವಾಗಿ ಹೇಳಲಾರೆ. ಆದರೆ ವೆಂಟಿಲೇಟರ್, ನಡುವೆ ಕೆಲವು ವಾರ ಆರಾಮ, ಆಮೇಲೆ ಉಸಿರು ಎಳೆಯುವಾಗ ಸದ್ದು ಎಂದರೆ ನನಗೆ ಮೊದಲು ಅನುಮಾನ ಬರುವುದು ಶ್ವಾಸನಾಳ ಕಿರಿದಾಗಿದೆಯೇ ಎಂದು. ಆಸ್ತಮಾದಲ್ಲಿ ತೊಂದರೆ ಇರುವುದು ಶ್ವಾಸಕೋಶದೊಳಗಿನ ಸಣ್ಣ ಕವಲುಗಳಲ್ಲಿ. ಅಲ್ಲಿ ಸುಂಯ್‌ಗುಟ್ಟುವ ಸದ್ದು ಹೆಚ್ಚಾಗಿ ಉಸಿರು ಬಿಡುವಾಗ ಕೇಳುತ್ತದೆ.

ಶ್ವಾಸನಾಳ ಧ್ವನಿಪೆಟ್ಟಿಗೆಯ ಕೆಳಗಿನಿಂದ ಎದೆಯೊಳಗೆ ಎರಡಾಗಿ ಕವಲೊಡೆಯುವವರೆಗೆ ಸುಮಾರು 10ರಿಂದ 12 ಸೆಂ.ಮೀ. ಉದ್ದ. ಇದರೊಳಗೆ ಇಳಿಸುವ ವೆಂಟಿಲೇಟರಿನ ಟ್ಯೂಬಿನ ತುದಿಯ ಹತ್ತಿರ ಗಾಳಿ ತುಂಬಿದ ಪುಟ್ಟ ಬಲೂನು ಇರುತ್ತದೆ. ಅದು ಒಳಗೋಡೆಯನ್ನು ಹೆಚ್ಚು ಒತ್ತಿದರೆ ಅಲ್ಲಿಗೆ ರಕ್ತ ಹರಿಯುವುದಿಲ್ಲ, ಗಾಯವಾಗುತ್ತದೆ. ಗಾಯ ಮಾಯುತ್ತಾ ಕಲೆ ಬಿಗಿದುಕೊಂಡು ನಾಳವನ್ನು ಕುಗ್ಗಿಸುತ್ತದೆ. ತೊಂದರೆ ತಡವಾಗಿ ಕಾಣುವುದು ಅದಕ್ಕೇ. ಒಳಗಿನ ಅಗಲ ಅರ್ಧಕ್ಕಿಳಿದರೆ ಗಾಳಿಗೆ ಆಗುವ ತಡೆ ದುಪ್ಪಟ್ಟಲ್ಲ, ಕಡಿಮೆಯೆಂದರೂ ಹದಿನಾರು ಪಟ್ಟು. ಮಾಮೂಲಿ ಎಕ್ಸ್‌ರೇಯಲ್ಲಿ ಇದು ತಪ್ಪಿಹೋಗಬಹುದು.

ಸ್ಪೈರೋಮೆಟ್ರಿ (ಯಂತ್ರಕ್ಕೆ ಊದಿಸಿ ಉಸಿರಿನ ವೇಗ, ಪ್ರಮಾಣ ಅಳೆಯುವ ಪರೀಕ್ಷೆ) ಮಾಡಿಸಿ, ಸಂಖ್ಯೆಗಳ ಜೊತೆ ಗ್ರಾಫಿನ ಆಕಾರವನ್ನೂ ನೋಡಲು ಹೇಳಿ. ನಾಳ ಕಿರಿದಾಗಿದ್ದರೆ ಗೆರೆ ಚಪ್ಪಟೆಯಾಗಿರುತ್ತದೆ. ಕುತ್ತಿಗೆ ಮತ್ತು ಎದೆಯ ಸಿಟಿ ಸ್ಕ್ಯಾನ್, ಬ್ರಾಂಕೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಇಳಿಸಿ ಶ್ವಾಸನಾಳವನ್ನು ಒಳಗಿನಿಂದ ನೋಡುವುದು) ಮಾಡಿದರೆ ನಿಜ ಗೊತ್ತಾಗುತ್ತದೆ.

ಪ್ರಶ್ನೆ: ಸರ್, ನಡುವೆ ಬಂದೆ. ನಾಳದ ಸುತ್ತ ಗಟ್ಟಿ ಉಂಗುರ ಇರುತ್ತಲ್ಲ, ಹೇಗೆ ಕುಗ್ಗುತ್ತೆ?

ಉತ್ತರ: 16ರಿಂದ 20 ಮೃದ್ವಸ್ಥಿಗಳಿವೆ (ಕಿವಿಯಲ್ಲಿರುವಂಥ ಬಾಗುವ ಮೆದು ಎಲುಬು), ಆದರೆ ಪೂರ್ತಿ ಉಂಗುರಗಳಲ್ಲ, ಕುದುರೆ ಲಾಳದ ಹಾಗೆ ಹಿಂದೆ ತೆರೆದಿವೆ. ಆ ಕಡೆ ಬರೀ ಸ್ನಾಯು, ಅದರ ಹಿಂದೆಯೇ ಅನ್ನನಾಳ. ಕೆಮ್ಮುವಾಗ ಈ ಸ್ನಾಯು ಒಳಗೆ ಬಾಗಿ ದಾರಿ ಕಿರಿದಾಗುವುದರಿಂದಲೇ ಗಾಳಿ ರಭಸದಿಂದ ನುಗ್ಗಿ ಕಫವನ್ನು ಹೊರದಬ್ಬುತ್ತದೆ. ಗಾಯದ ಕಲೆ ಬೆಳೆಯುವುದು ಮೃದ್ವಸ್ಥಿಯ ಒಳಬದಿಯಲ್ಲಿ. ಕೆಲವೊಮ್ಮೆ ಮೃದ್ವಸ್ಥಿಯೇ ಕರಗುತ್ತದೆ. ದೊಡ್ಡ ಥೈರಾಯ್ಡ್ ಗಡ್ಡೆ ಹೊರಗಿನಿಂದ ಒತ್ತಿಯೂ ನಾಳ ಕಿರಿದಾಗಬಹುದು. ನಾಳದೊಳಗೇ ಹುಟ್ಟುವ ಗೆಡ್ಡೆ ಅಪರೂಪ, ಅದನ್ನೂ ಎಷ್ಟೋ ಸಲ ಆಸ್ತಮಾ ಎಂದುಕೊಳ್ಳುತ್ತಾರೆ.

ಪ್ರಶ್ನೆ: ನಮ್ಮ ಮೂರು ತಿಂಗಳ ಪಾಪುಗೂ ಉಸಿರಾಡುವಾಗ ಸದ್ದು ಬರುತ್ತೆ. ಇದೇನಾ?

ಉತ್ತರ: ಆ ವಯಸ್ಸಿನಲ್ಲಿ ಹೆಚ್ಚಾಗಿ ಧ್ವನಿಪೆಟ್ಟಿಗೆಯ ಮೇಲ್ಭಾಗ ಮೆತ್ತಗಿರುವುದೇ ಕಾರಣ. ಶ್ವಾಸನಾಳವೇ ಮೆತ್ತಗಿರುವುದು ಅದಕ್ಕಿಂತ ಕಡಿಮೆ. ಎರಡೂ ಸಾಮಾನ್ಯವಾಗಿ ಬೆಳೆಯುತ್ತಾ ಸರಿಹೋಗುತ್ತವೆ. ಆದರೂ ಮಕ್ಕಳ ವೈದ್ಯರಿಗೆ ತೋರಿಸಿ. ಹಾಲು ಕುಡಿಯಲು ಕಷ್ಟ, ತೂಕ ಏರದಿರುವುದು, ತುಟಿ ನೀಲಿಯಾಗುವುದು ಇದ್ದರೆ ತಡಮಾಡಬೇಡಿ.

ಪ್ರಶ್ನೆ (ಮೊದಲು ಕೇಳಿದವರು): ಡಾಕ್ಟ್ರೇ, ಕಿರಿದಾಗಿದ್ದರೆ ಆಪರೇಷನ್ನೇ ಬೇಕಾ?

ಉತ್ತರ: ತೆಳುವಾದ ಪೊರೆಯಂಥ ಕಲೆಯಾದರೆ ಬಲೂನ್ ಅಥವಾ ಲೇಸರ್‌ನಿಂದ ಬಿಡಿಸುತ್ತಾರೆ, ಮತ್ತೆ ಬಿಗಿಯಬಹುದು. ಉದ್ದವಾಗಿದ್ದರೆ ಆ ಭಾಗ ಕತ್ತರಿಸಿ ತುದಿಗಳನ್ನು ಹೊಲಿಯುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ದೇಹಸ್ಥಿತಿ ಅದಕ್ಕೆ ಒಗ್ಗದವರಿಗೆ ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡಲು ಒಳಗೆ ಕೂರಿಸುವ ಕೊಳವೆ ಇದೆ. ಅದಿರಲಿ, ಸುಮ್ಮನೆ ಕೂತಾಗಲೂ ಸದ್ದು ಬರುತ್ತಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಇವತ್ತೇ ಎಮರ್ಜೆನ್ಸಿಗೆ ಕರೆದೊಯ್ಯಿರಿ. ವೆಂಟಿಲೇಟರ್‌ನಲ್ಲಿದ್ದ ವಿಷಯವನ್ನು ಮೊದಲೇ ಹೇಳಿ, ಡಿಸ್ಚಾರ್ಜ್ ಸಮ್ಮರಿ ಜೊತೆಗಿರಲಿ.